ಅಪ್ಪನ ಕೋಣೆಯ ನೆಲ

ಅಪ್ಪ ನೀರು ಕುಡಿಯುವುದನ್ನು ಬಿಡುತ್ತಿದ್ದಾರೆ ಅನ್ನೋದು ನಮಗೆ ಗೊತ್ತಾಗಿದ್ದು ತುಂಬಾ ತಡವಾಗಿ. ಮಂಚದ ಪಕ್ಕದ ಸ್ಟೂಲಿನ ಮೇಲೆ ಅಮ್ಮ ಬೆಳಗ್ಗೆ ಒಂದು ಚೊಂಬು ನೀರು ಇಡುತ್ತಿದ್ದರು. ಸಂಜೆ ನೋಡಿದರೆ ಅದು ಹಾಗೇ ತುಂಬಿರುತ್ತಿತ್ತು. ಮಲಗೇ ಇರುತ್ತಾರಲ್ಲ, ಬಾಯಾರಿಕೆ ಆಗೋದಿಲ್ಲವೇನೋ ಅಂದುಕೊಂಡಿದ್ದೆವು. ಒಂದು ಮಧ್ಯಾಹ್ನ ನಾನೇ ಲೋಟಕ್ಕೆ ಬಗ್ಗಿಸಿ ಬಾಯಿಯ ಹತ್ತಿರ ಹಿಡಿದೆ. ಎಡಗೈಯಿಂದ ಲೋಟವನ್ನು ಮೆಲ್ಲಗೆ ತಳ್ಳಿದರು. ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು. ಆದರೂ ಅವತ್ತು ಹೇಳಿದ್ದು ಸರಿಯಾಗಿ ಕೇಳಿಸಿತು.

"ಕುಡಿದರೆ ಹೋಗುತ್ತೆ. ನಾತ ಬರುತ್ತೆ. ಬೇಡ."

ನಮ್ಮ ಊರು ಶಿಡ್ಲಘಟ್ಟದ ಹತ್ತಿರ. ಮನೆ ಹಳೆಯದು, ಅಪ್ಪನ ಕೋಣೆಗೆ ಕೆಂಪು ರೆಡ್ ಆಕ್ಸೈಡ್ ನೆಲ. ಗೋಡೆಯಾಚೆ ಹುಳು ಮನೆ. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಹುಟ್ಟಿದವರಿಗೆ ವಾಸನೆ ಹೊಸದಲ್ಲ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳು ಹಗಲೂ ರಾತ್ರಿ ಸೊಪ್ಪು ತಿನ್ನುವಾಗ ಹಿಕ್ಕೆ ಮತ್ತು ಬಾಡಿದ ಸೊಪ್ಪಿನ ವಾಸನೆ ಇಡೀ ಬೀದಿಗೆ ಬರುತ್ತದೆ. ಅದಕ್ಕೆ ಯಾರೂ ಮೂಗು ಮುಚ್ಚಿಕೊಳ್ಳುವುದಿಲ್ಲ, ಅದು ದುಡ್ಡಿನ ವಾಸನೆ. ಅಪ್ಪನ ಕೋಣೆಯ ವಾಸನೆ ಹಾಗಲ್ಲ, ಅದು ಮೂತ್ರದ್ದು. ನೋಡಲು ಬಂದವರು ಹೊಸ್ತಿಲ ಹತ್ತಿರವೇ ಸೆರಗು ಮೂಗಿಗೆ ತರುತ್ತಿದ್ದರು. ಎರಡು ನಿಮಿಷ ನಿಂತು, ಹಣ್ಣು ಕೊಟ್ಟು, ಹೊರಗೆ ಜಗುಲಿಯಲ್ಲಿ ಕೂರುತ್ತಿದ್ದರು. ನಾವು ದಿನಕ್ಕೆ ಮೂರು ಸಲ ಫಿನಾಯಿಲ್ ಹಾಕಿ ಒರೆಸುತ್ತಿದ್ದೆವು. ಇದನ್ನೆಲ್ಲ ಮಂಚದ ಮೇಲಿಂದ ಅಪ್ಪ ನೋಡುತ್ತಿದ್ದರು. ಅವರ ಕೈಯಲ್ಲಿ ಆಗುತ್ತಿದ್ದದ್ದು ಒಂದೇ, ನೀರು ಕುಡಿಯದೆ ಇರುವುದು. ಅದನ್ನು ಮಾಡಿದರು.

ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗುತ್ತದೆ. ಬಣ್ಣ ಗಾಢವಾಗುತ್ತದೆ, ನಾತ ಜಾಸ್ತಿಯಾಗುತ್ತದೆ. ಸೋಂಕು ಆಗುವ ಸಾಧ್ಯತೆಯೂ ಹೆಚ್ಚು, ಸೋಂಕಾದರೆ ನಾತ ಇನ್ನೂ ಕೆಟ್ಟದಾಗುತ್ತದೆ. ಡಾಕ್ಟರ್ ಹತ್ತಿರ ಹೋದಾಗ ಸೋಂಕು ಇದೆ ಅಂತಲೇ ಗೊತ್ತಾಯಿತು. ಅಂದರೆ ನಾತ ಬರಬಾರದು ಅಂತ ಅಪ್ಪ ಹಿಡಿದ ದಾರಿಯೇ ನಾತವನ್ನು ಜಾಸ್ತಿ ಮಾಡುತ್ತಿತ್ತು. ಆ ದಾರಿಗೆ ಅವರನ್ನು ತಳ್ಳಿದ್ದು ನಮ್ಮ ಬಕೆಟ್ಟು, ನಮ್ಮ ಫಿನಾಯಿಲ್ಲು, ನಮ್ಮ ಮುಖ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ ಕೋಣೆಯ ವಾಸನೆಯನ್ನು ಬೇರು ಸಮೇತ ತೆಗೆಯಬೇಕು ಅಂತ ಅವತ್ತೇ ತೀರ್ಮಾನ ಮಾಡಿದ್ದು. ಬಂದು ಹೋಗುವವರಿಗೋಸ್ಕರ ಅಲ್ಲ, ಅಪ್ಪ ನೀರು ಕುಡಿಯಲಿ ಅಂತ.

ಫಿನಾಯಿಲ್ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಕಪ್ಪು ಫಿನಾಯಿಲ್ ನೀರಿಗೆ ಬಿದ್ದ ತಕ್ಷಣ ಹಾಲಿನ ಥರ ಬೆಳ್ಳಗಾಗುತ್ತದಲ್ಲ, ಅದನ್ನು ನೋಡಿದರೇ ಏನೋ ಶುದ್ಧವಾಯಿತು ಅನ್ನಿಸುತ್ತದೆ. ಅದರಲ್ಲಿರುವುದು ಡಾಂಬರಿನ ಎಣ್ಣೆ, ಬಿಳಿಯದರಲ್ಲಿ ಪೈನ್ ಎಣ್ಣೆ. ಎರಡೂ ಮೇಲಿನ ಕ್ರಿಮಿಗಳನ್ನು ಕೊಲ್ಲುತ್ತವೆ, ಜೋರು ವಾಸನೆಯಿಂದ ಬೇರೆ ವಾಸನೆಯನ್ನು ಮುಚ್ಚುತ್ತವೆ. ಆದರೆ ನೆಲದೊಳಗೆ ಇಳಿದದ್ದು ಅಲ್ಲೇ ಇರುತ್ತದೆ. ಎರಡು ಗಂಟೆ ಕಳೆದರೆ ಫಿನಾಯಿಲ್ ಮತ್ತು ಮೂತ್ರದ ವಾಸನೆ ಎರಡೂ ಸೇರಿ ಮೂರನೇ ವಾಸನೆಯೊಂದು ಬರುತ್ತದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಬರುತ್ತದಲ್ಲ, ಅದು.

ಫಿನಾಯಿಲ್ ಬಿಟ್ಟೆ. ಆಮೇಲೆ ಮಾಡಿದ ತಪ್ಪು ಅದಕ್ಕಿಂತ ದೊಡ್ಡದು. ಹುಳು ಮನೆಯಲ್ಲಿ ಪ್ರತಿ ಬೆಳೆಗೂ ಮೊದಲು ಬ್ಲೀಚಿಂಗ್ ಪೌಡರ್ ದ್ರಾವಣ ಸಿಂಪಡಿಸುತ್ತೇವೆ. 100 ಲೀಟರ್ ನೀರಿಗೆ 2 ಕಿಲೋ ಬ್ಲೀಚಿಂಗ್ ಪೌಡರ್, 300 ಗ್ರಾಂ ಅರಳಿದ ಸುಣ್ಣ. ಹುಳುವಿನ ರೋಗಕ್ಕೆ ಆಗುವುದು ನಾತಕ್ಕೆ ಆಗದೇ ಇರುತ್ತದೆಯೇ ಅಂದುಕೊಂಡು ಅದೇ ಪೌಡರನ್ನು ಕಲಸಿ ಮಂಚದ ಕೆಳಗೆ ಚೆಲ್ಲಿ ತಿಕ್ಕಿದೆ. ಅಪ್ಪ ಮಂಚದ ಮೇಲೇ ಇದ್ದರು. ಅರ್ಧ ನಿಮಿಷ ಆಗಿರಬಹುದು, ಕಣ್ಣು ಉರಿಯತೊಡಗಿತು, ಗಂಟಲು ಕಟ್ಟಿತು. ಅಪ್ಪ ಕೆಮ್ಮಲು ಶುರು ಮಾಡಿದರು. ನಾನು, ತಂಗಿ, ಪಕ್ಕದ ಮನೆ ಹುಡುಗ ಸೇರಿ ಮಂಚ ಸಮೇತ ಅವರನ್ನು ಜಗುಲಿಗೆ ಎಳೆದುಕೊಂಡು ಬಂದೆವು. ಒಂದು ಗಂಟೆ ಕೆಮ್ಮಿದರು.

ಬ್ಲೀಚಿಂಗ್ ಪೌಡರ್ ಮೂತ್ರದ ಅಮೋನಿಯಾ ಜೊತೆ ಸೇರಿದರೆ ಕ್ಲೋರಮೈನ್ ಅನ್ನುವ ವಿಷದ ಹೊಗೆ ಏಳುತ್ತದೆ. ಬಚ್ಚಲು ತೊಳೆಯುವ ಆಸಿಡ್ ಜೊತೆ ಸೇರಿದರೆ ಕ್ಲೋರಿನ್ ಅನಿಲವೇ ಬರುತ್ತದೆ. ಇದನ್ನು ಓದುವ ಯಾರೇ ಆಗಲಿ, ದಯವಿಟ್ಟು ಮೂತ್ರ ನಿಂತ ನೆಲಕ್ಕೆ ಬ್ಲೀಚಿಂಗ್ ಹಾಕಬೇಡಿ. ಒಂದು ಕ್ಲೀನರ್ ಮೇಲೆ ಇನ್ನೊಂದು ಕ್ಲೀನರ್ ಸುರಿಯಬೇಡಿ. ಹಾಸಿಗೆ ಹಿಡಿದವರು ಎದ್ದು ಓಡಲಾರರು.

ಆಮೇಲೆ ಕೈ ಕಟ್ಟಿ ಕೂತು ಯೋಚನೆ ಮಾಡಿದೆ. ಈ ನಾತ ಎಲ್ಲಿಂದ ಬರುತ್ತದೆ? ಉತ್ತರ ನಮ್ಮ ಹೊಲದಲ್ಲೇ ಇತ್ತು. ಮೂತ್ರದಲ್ಲಿ ನೂರಕ್ಕೆ ಸುಮಾರು 95 ಪಾಲು ನೀರು. ಉಳಿದದ್ದರಲ್ಲಿ ಮುಖ್ಯವಾದದ್ದು ಯೂರಿಯಾ. ಹಿಪ್ಪುನೇರಳೆ ತೋಟಕ್ಕೆ ಮೂಟೆಗಟ್ಟಲೆ ಹಾಕುತ್ತೇವಲ್ಲ, ಅದೇ ಯೂರಿಯಾ. ಆಗ ತಾನೇ ಹೋದ ಮೂತ್ರಕ್ಕೆ ಅಂಥ ನಾತ ಇರುವುದಿಲ್ಲ. ಬ್ಯಾಕ್ಟೀರಿಯಾ ಬಂದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿದಾಗ ಮೂಗಿಗೆ ಹೊಡೆಯುತ್ತದೆ. ಹೊಲದಲ್ಲೂ ಇದೇ ಆಗುವುದು. ಒದ್ದೆ ನೆಲದ ಮೇಲೆ ಯೂರಿಯಾ ಚೆಲ್ಲಿ ಹಾಗೇ ಬಿಟ್ಟರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಕಾಲು ಚೆನ್ನಾಗಿದ್ದಾಗ ಅಪ್ಪ ಕೂಲಿಯವರ ಹಿಂದೆಯೇ ನಡೆಯುತ್ತಾ "ಚೆಲ್ಲಿದ ಮೇಲೆ ಮಣ್ಣು ಎಳೀರಪ್ಪ, ಇಲ್ಲಾಂದ್ರೆ ಗಾಳಿಗೆ ಹೋಗುತ್ತೆ" ಅನ್ನುತ್ತಿದ್ದರು. ಅವರಿಗೆ ಗೊತ್ತಿದ್ದದ್ದೇ ಇದು.

ಇನ್ನೊಂದು ವಸ್ತು ಯೂರಿಕ್ ಆಸಿಡ್. ಇದು ಸ್ವಲ್ಪವೇ ಇರುತ್ತದೆ, ಆದರೆ ಹಟಮಾರಿ. ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ನೆಲದ ಸಣ್ಣ ಸಣ್ಣ ರಂಧ್ರಗಳಲ್ಲಿ ಹರಳಾಗಿ ಕೂರುತ್ತದೆ. ಒಣಗಿದಾಗ ಏನೂ ಗೊತ್ತಾಗುವುದಿಲ್ಲ. ಗಾಳಿಯಲ್ಲಿ ತೇವ ಬಂದರೆ ಅದೂ, ಅದರ ಜೊತೆ ಉಳಿದ ಉಪ್ಪುಗಳೂ ತೇವ ಹೀರಿಕೊಂಡು ಮತ್ತೆ ವಾಸನೆ ಏಳಿಸುತ್ತವೆ. ನಮ್ಮ ಕಡೆ ಮಳೆ ಜೋರಾಗುವ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕೋಣೆ ಯಾಕೆ ಅಷ್ಟು ಕೆಡುತ್ತಿತ್ತು ಅನ್ನೋದು ಆಗ ಅರ್ಥವಾಯಿತು.

ಮೊದಲು ಕಲೆ ಎಲ್ಲಿದೆ ಅಂತ ಹುಡುಕಬೇಕಿತ್ತು. ಕೆಂಪು ನೆಲದ ಮೇಲೆ ಕಣ್ಣಿಗೆ ಕಾಣುವುದಿಲ್ಲ. ನಕಲಿ ನೋಟು ಪರೀಕ್ಷೆ ಮಾಡುವ ನೀಲಿ ಟಾರ್ಚ್ ಇರುತ್ತದಲ್ಲ, ನೇರಳಾತೀತ ಬೆಳಕಿನದು, ಒಂದು ತರಿಸಿದೆ. ಒಣಗಿದ ಮೂತ್ರ ಆ ಬೆಳಕಿಗೆ ಹೊಳೆಯುತ್ತದೆ. ರಾತ್ರಿ ಅಪ್ಪನನ್ನು ನಡುಮನೆಗೆ ಮಲಗಿಸಿ, ಕೋಣೆಯ ದೀಪ ಆರಿಸಿ, ಬಾಗಿಲು ಹಾಕಿ ಟಾರ್ಚ್ ಒತ್ತಿದೆ. ಮಂಚದ ಕೆಳಗೆ ಮಂಕಾದ ಹಳದಿ ಹೊಳಪು, ಮೊರದಗಲ. ಅದು ನಿರೀಕ್ಷಿಸಿದ್ದೇ. ನಿರೀಕ್ಷಿಸದೇ ಇದ್ದದ್ದು ಬೇರೆ. ಗೋಡೆಯ ಬುಡದಲ್ಲಿ ನೆಲ ಮತ್ತು ಗೋಡೆ ಸೇರುವ ಬಿರುಕಿನ ಉದ್ದಕ್ಕೂ ಗೆರೆ ಎಳೆದ ಹಾಗೆ ಹೊಳೆಯುತ್ತಿತ್ತು. ಮಂಚದ ಒಂದು ಕಾಲು ಗೇಣುದ್ದ ಮೇಲಿನವರೆಗೂ ಹೊಳೆಯುತ್ತಿತ್ತು, ಮರ ಕುಡಿದುಬಿಟ್ಟಿತ್ತು. ಮಂಚದಿಂದ ಬಾಗಿಲವರೆಗೆ ಅರ್ಧಚಂದ್ರದ ಆಕಾರದ ಗೀರುಗಳು, ಒಂದರ ಮೇಲೊಂದು. ತುಂಬಾ ಹೊತ್ತು ನೋಡಿದ ಮೇಲೆ ಹೊಳೆಯಿತು, ಅದು ನಮ್ಮ ಒರೆಸುವ ಬಟ್ಟೆಯ ಗುರುತು. ಒಂದೇ ಬಕೆಟ್ ನೀರಿನಲ್ಲಿ ಅದ್ದಿ ಅದ್ದಿ ಒರೆಸಿ, ಮೂಲೆಯಲ್ಲಿದ್ದದ್ದನ್ನು ಇಡೀ ಕೋಣೆಗೆ ಹಚ್ಚಿದ್ದೆವು. (ಬಟ್ಟೆ ಸೋಪಿನ ಪುಡಿಯಲ್ಲಿರುವ ಬಿಳಿ ಹೊಳಪಿನ ಅಂಶವೂ ಈ ಬೆಳಕಿಗೆ ನೀಲಿಯಾಗಿ ಹೊಳೆಯುತ್ತದೆ. ಹಾಗಾಗಿ ಮೂಗನ್ನೂ ನೆಲಕ್ಕೆ ಹತ್ತಿರ ಒಯ್ದು ಖಚಿತ ಮಾಡಿಕೊಳ್ಳಬೇಕು.) ಸುಣ್ಣದ ಕಡ್ಡಿಯಿಂದ ಎಲ್ಲವನ್ನೂ ಸುತ್ತು ಹಾಕಿ ಗುರುತು ಮಾಡಿದೆ.

ಮಾರನೇ ದಿನ ಕೆಲಸ. ಬರೀ ತಣ್ಣೀರು, ಏನೂ ಬೆರೆಸದ್ದು. ಗುರುತಿನ ಮೇಲೆ ಸ್ವಲ್ಪ ಸುರಿಯುವುದು, ಐದು ನಿಮಿಷ ಬಿಡುವುದು, ಒಣ ಬಟ್ಟೆಯಿಂದ ಒತ್ತಿ ಹೀರುವುದು. ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ಹಿಂಡುವುದು. ಕಲೆಯ ಅಂಚಿನಿಂದ ಒಳಕ್ಕೆ ಬರಬೇಕು, ಒಳಗಿನಿಂದ ಅಂಚಿಗೆ ಹೋದರೆ ಕಲೆ ದೊಡ್ಡದಾಗುತ್ತದೆ. ಆರು ಸಲ ಮಾಡಿದ ಮೇಲೆ ಹಿಂಡಿದ ನೀರು ತಿಳಿಯಾಯಿತು. ಫಿನಾಯಿಲ್ ಅಂಶವೂ ಹೋಗಬೇಕಿತ್ತು, ಯಾಕೆಂದರೆ ಮುಂದೆ ಹಾಕುವ, ಮೂತ್ರದ ಅಂಶಗಳನ್ನು ಒಡೆಯುವ ಎನ್‌ಜೈಮ್ ದ್ರಾವಣದಲ್ಲಿ ಸಾಮಾನ್ಯವಾಗಿ ಜೀವಂತ ಬ್ಯಾಕ್ಟೀರಿಯಾ ಇರುತ್ತದೆ. ಕ್ರಿಮಿನಾಶಕ ಉಳಿದಿದ್ದರೆ ಅವೂ ಸಾಯುತ್ತವೆ.

ಈ ಎನ್‌ಜೈಮ್ ಕ್ಲೀನರ್ ಸಿಗುವುದು ನಾಯಿ, ಬೆಕ್ಕಿನ ಸಾಮಾನು ಮಾರುವ ಅಂಗಡಿಯಲ್ಲಿ. ಮನುಷ್ಯರ ಮೂತ್ರಕ್ಕೂ ಅದೇ ಆಗುತ್ತದೆ. ಯೂರಿಕ್ ಆಸಿಡ್ಡನ್ನು ಒಡೆಯುವ ಥರದ್ದೇ ಅಂತ ನೋಡಿ ತೆಗೆದುಕೊಳ್ಳಬೇಕು. ಇದಕ್ಕೆ ಸಮಯ ಬೇಕು. ಚಿಮುಕಿಸಿ ಒರೆಸಿದರೆ ದುಡ್ಡು ದಂಡ. ಮೂತ್ರ ಎಷ್ಟು ಆಳಕ್ಕೆ ಹೋಗಿದೆಯೋ ಅಷ್ಟು ಆಳಕ್ಕೆ ಹೋಗುವಷ್ಟು ಸುರಿಯಬೇಕು, ರಾತ್ರಿಯಿಡೀ ಒದ್ದೆಯಾಗಿರಬೇಕು. ನಮ್ಮ ಬಿಸಿಲಿಗೆ, ಫ್ಯಾನಿಗೆ ಅದು ಎಲ್ಲಿ ಒದ್ದೆ ಇರುತ್ತದೆ? ಅಮ್ಮ ಒಂದು ಮಾತೂ ಆಡದೆ ಹುಳು ಮನೆಗೆ ಹೋಗಿ ಪ್ಯಾರಫಿನ್ ಪೇಪರ್ ತಂದರು. ಚಾಕಿ ಹುಳುವಿನ, ಅಂದರೆ ಎಳೆಯ ಹುಳುವಿನ ಸೊಪ್ಪು ಬಾಡದಿರಲಿ ಅಂತ ಹೊದಿಸುವ ಪೇಪರ್ ಅದು. ನೆಲಕ್ಕೆ ಹಾಸಿ ಅಂಚಿಗೆ ಕಲ್ಲಿಟ್ಟರು. ಬೆಳಗ್ಗೆ ತೆಗೆದಾಗ ಅಡಿಯಲ್ಲಿ ಇನ್ನೂ ತೇವವಿತ್ತು. ಬಿರುಕಿಗೆ ಸಿರಿಂಜಿನಲ್ಲಿ ಹಾಕಿದ್ದೆ. ಮೂರು ರಾತ್ರಿ ಹೀಗೇ ಮಾಡಿದೆವು. ಮೊದಲ ಬೆಳಗ್ಗೆ ನಾತ ಜಾಸ್ತಿಯಾಗಿತ್ತು, ನನಗೆ ಅಳು ಬಂತು. ಒಳಗಿನದು ಒಡೆಯುವಾಗ ಮೊದಲು ಹಾಗೆ ಆಗಬಹುದು. ನಾಲ್ಕನೇ ದಿನ ಕೋಣೆಗೆ ಹೋದಾಗ ಮೂಗಿಗೆ ಏನೂ ತಾಗಲಿಲ್ಲ.

ಮಂಚದ ಆ ಮರದ ಕಾಲು ಮಾತ್ರ ಸರಿಹೋಗಲಿಲ್ಲ. ಬಡಗಿಯನ್ನು ಕರೆಸಿ ಬದಲಾಯಿಸಿದೆವು.

ವಿನೆಗರ್ ಬಗ್ಗೆ ಒಂದು ಎಚ್ಚರಿಕೆ. ಅಮೋನಿಯಾ ಕ್ಷಾರ, ವಿನೆಗರ್ ಆಮ್ಲ, ಒಂದನ್ನೊಂದು ತಣಿಸುತ್ತವೆ. ಒಂದು ಪಾಲು ವಿನೆಗರಿಗೆ ಮೂರು ಪಾಲು ನೀರು ಬೆರೆಸಿ ಒರೆಸಿದರೆ ಅಮೋನಿಯಾದ ಘಾಟು ಕೂಡಲೇ ಇಳಿಯುತ್ತದೆ. ಇದು ನಿಜ. ಆದರೆ ನಾನು ಆತುರದಲ್ಲಿ ಒಂದು ಕಡೆ ನೀರು ಬೆರೆಸದೆ ಹಾಕಿ ರಾತ್ರಿ ಬಿಟ್ಟುಬಿಟ್ಟೆ. ರೆಡ್ ಆಕ್ಸೈಡ್ ನೆಲ ಅಂದರೆ ಸಿಮೆಂಟಿಗೆ ಕಬ್ಬಿಣದ ಕೆಂಪು ಬಣ್ಣ ಬೆರೆಸಿ, ಕರಣೆಯಿಂದ ಉಜ್ಜಿ ಉಜ್ಜಿ ನಯ ಮಾಡಿದ್ದು. ಆಮ್ಲ ಸಿಮೆಂಟನ್ನು ತಿನ್ನುತ್ತದೆ. ಅಂಗೈಯಗಲ ಮಂಕಾಯಿತು, ಇವತ್ತಿಗೂ ಹಾಗೇ ಇದೆ. ಕಡಪ ಕಲ್ಲಿಗೂ ಅಮೃತಶಿಲೆಗೂ ಇದೇ ಗತಿ. ಅಡುಗೆಮನೆ ಕಡಪದ ಮೇಲೆ ನಿಂಬೆಹಣ್ಣು ಹೆಚ್ಚಿದ ಕಡೆ ಬೆಳ್ಳಗಿನ ಮಚ್ಚೆ ಎಲ್ಲರ ಮನೆಯಲ್ಲೂ ಇರುತ್ತದೆ, ಅಲ್ವಾ? ಅದು ಕಲೆಯಲ್ಲ, ಕಲ್ಲೇ ಸವೆದಿರುವುದು. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಗ್ರಾನೈಟ್ ಚಪ್ಪಡಿ ಇದ್ದವರು ಅಷ್ಟು ಹೆದರಬೇಕಿಲ್ಲ.

ನೆಲ ಮುಗಿಯಿತು, ಕಾರ್ಪೆಟ್ ಉಳಿಯಿತು. ಅಪ್ಪನನ್ನು ಎಬ್ಬಿಸಿ ಕೂರಿಸುವಾಗ ಕಾಲು ಜಾರಬಾರದು ಅಂತ ಮಂಚದ ಪಕ್ಕ ಹಾಸಿದ್ದ ಉಣ್ಣೆಯ ಕಾರ್ಪೆಟ್ ಅದು. ಇದನ್ನು ನಾವು ಮೊದಲೇ ಎರಡು ಸಲ ತೊಳೆದಿದ್ದೆವು. ತೊಳೆದಾಗ ಕಲೆ ಹೋಗುತ್ತಿತ್ತು, ಒಣಗಿದ ಮೇಲೆ ಅದೇ ಜಾಗದಲ್ಲಿ ಕಂದು ಉಂಗುರ ಎದ್ದು ಬರುತ್ತಿತ್ತು. ಕಾರಣ ಸರಳ. ಮೇಲಿನ ಎಳೆ ಮೊದಲು ಒಣಗುತ್ತದೆ. ಬುಡದಲ್ಲಿ ಉಳಿದ ಒದ್ದೆ, ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ, ಎಳೆ ಹಿಡಿದು ಮೇಲೆ ಬರುತ್ತದೆ. ಬರುವಾಗ ಕೊಳೆಯನ್ನೂ ಹೊತ್ತು ತರುತ್ತದೆ. ಅದಕ್ಕೆ ಮದ್ದು ಬ್ರಷ್ ಅಲ್ಲ, ಭಾರ. ಹಳೆಯ ಪಂಚೆಯನ್ನು ಎಂಟು ಮಡಿಕೆ ಮಾಡಿ ಒದ್ದೆ ಜಾಗದ ಮೇಲೆ ಹಾಕಿ, ಮೇಲೆ ರುಬ್ಬುವ ಗುಂಡು ಇಟ್ಟೆ. ಮೇಲೇರುವ ಕೊಳೆ ಕಾರ್ಪೆಟ್ಟಿನ ತುದಿಯಲ್ಲಿ ನಿಲ್ಲದೆ ಪಂಚೆಗೆ ಬಂತು. ಬೆಳಗ್ಗೆ ಪಂಚೆಯ ಕೆಳಗಿನ ಮಡಿಕೆಯ ಮೇಲೆ ಆ ಉಂಗುರ ಹಾಗೇ ಅಚ್ಚಾಗಿತ್ತು.

ಉಣ್ಣೆಗೆ ಬ್ಲೀಚಿಂಗ್ ಆಗದು, ವಾಷಿಂಗ್ ಸೋಡಾವೂ ಆಗದು. ಉಣ್ಣೆ, ರೇಷ್ಮೆ, ನಮ್ಮ ತಲೆಗೂದಲು ಎಲ್ಲವೂ ಪ್ರೋಟೀನು. ಕ್ಷಾರ ಅವನ್ನು ಹಾಳು ಮಾಡುತ್ತದೆ. ಸೀಗೆಕಾಯಿ, ಅಂಟುವಾಳ ಯಾಕೆ ಹಳಬರು ಇಟ್ಟುಕೊಂಡಿದ್ದರು ಅನ್ನೋದು ಇಲ್ಲಿ ಗೊತ್ತಾಗುತ್ತದೆ. ಅಂಟುವಾಳದ ನೊರೆ ಸೋಪಿಗಿಂತ ಮೃದು.

ಇದೇ ಕಾರ್ಪೆಟ್ ಮೇಲೆ ಒಂದು ರಾತ್ರಿ ಅರಿಶಿನದ ಹಾಲು ಚೆಲ್ಲಿತು. ತಂಗಿ ಓಡಿ ಬಂದು ಸೋಪು ಹಚ್ಚಿದಳು. ಹಳದಿ ಕಲೆ ನಮ್ಮ ಕಣ್ಣೆದುರೇ ರಕ್ತದ ಥರ ಕೆಂಪಾಯಿತು. ಅವಳು ಗಾಬರಿಯಾಗಿ ಕೈ ತೆಗೆದಳು. ಅಮ್ಮ ಬಗ್ಗಿ ನೋಡಿ "ಆರತಿ ನೀರು" ಅಂದರು, ಅಷ್ಟೇ. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಕೆಂಪಾಗುತ್ತದಲ್ಲ, ಸೋಪೂ ಸುಣ್ಣದ ಹಾಗೆ ಕ್ಷಾರವೇ. ನಾಲ್ಕು ಹನಿ ನಿಂಬೆರಸ ಬೆರೆಸಿದ ನೀರನ್ನು ಬಟ್ಟೆಯಲ್ಲಿ ಅದ್ದಿ ಒತ್ತಿದೆವು. ಕೆಂಪು ಹಿಂದೆ ಸರಿದು ಹಳದಿಯಾಯಿತು. ಹಾಲಿನ ಅಂಶವನ್ನು ತಣ್ಣೀರಿನಿಂದ ತೆಗೆದೆವು. ಬಿಸಿನೀರು ಹಾಕಿದರೆ ಹಾಲು, ರಕ್ತ, ಮೊಟ್ಟೆ ಎಲ್ಲ ಎಳೆಗೆ ಕಚ್ಚಿಕೊಳ್ಳುತ್ತವೆ. ಉಳಿದ ಹಳದಿಗೆ ಏನೂ ಮಾಡಲಿಲ್ಲ. ಮಹಡಿ ಗೋಡೆಯ ಮೇಲೆ ಬಿಸಿಲಿಗೆ ಹಾಕಿದೆವು. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಮೂರನೇ ಸಂಜೆಗೆ ಎಲ್ಲಿ ಚೆಲ್ಲಿತ್ತು ಅಂತ ಹುಡುಕಬೇಕಾಯಿತು.

ನಮ್ಮ ಜಿಲ್ಲೆಯವರಿಗೆ ಇರುವ ಕಷ್ಟ ಇನ್ನೊಂದಿದೆ, ನೀರು. ಇಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಎಲ್ಲ ಬೋರ್‌ವೆಲ್ಲು. ನಮ್ಮನೆ ಬೋರಿನ ಗಡಸು ನೀರಿನಲ್ಲಿ ಸೋಪು ನೊರೆಯಾಗದೆ ಬೂದು ಬಣ್ಣದ ಗಸಿಯಾಗುತ್ತದೆ. ಆ ಗಸಿ ಕಾರ್ಪೆಟ್ಟಿನ ಎಳೆಯಲ್ಲಿ ಉಳಿದರೆ ಅಂಟಂಟಾಗಿ, ವಾರದೊಳಗೆ ಧೂಳು ಹಿಡಿಯುತ್ತದೆ. ತೊಳೆದಿದ್ದೇ ಕೊಳೆಯಾಗಲು ಕಾರಣ ಅನ್ನೋ ಹಾಗೆ. ಮಾಳಿಗೆಯಿಂದ ಇಳಿಯುವ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು ಕೊನೆಯ ಜಾಲಿಗೆ ಅದನ್ನೇ ಬಳಸಿದೆ. ಜಾಲಿಸಿದ ಮೇಲೆ ಒಂದೆರಡು ದಿನದೊಳಗೆ ಪೂರ್ತಿ ಒಣಗಬೇಕು, ಇಲ್ಲದಿದ್ದರೆ ಬುಡದಲ್ಲಿ ಬೂಸ್ಟು ಹಿಡಿದು ಮುಗ್ಗಲು ವಾಸನೆ ಶುರುವಾಗುತ್ತದೆ. ಮೋಡ ಇರುವ ದಿನ ಕಾರ್ಪೆಟ್ ತೊಳೆಯಲೇಬಾರದು.

ಆಮೇಲೆ ನಾವು ಬದಲಾಯಿಸಿದ್ದು ಸಣ್ಣ ಸಣ್ಣದು. ಎರಡು ಬಕೆಟ್. ಹಾಸಿಗೆಯ ಮೇಲೆ ರಬ್ಬರ್ ಶೀಟು, ಅದರ ಮೇಲೆ ಹತ್ತಿ ಬಟ್ಟೆ. ಹೋದ ಕೂಡಲೇ ಒತ್ತಿ ಹೀರುವುದು, ಒಣಗಲು ಬಿಡದಿರುವುದು. ಕೋಣೆಯೊಳಗೆ ಯಾರೂ ಮುಖ ಕಿವಿಚದಿರುವುದು. ಕೊನೆಯದ್ದು ಅಮ್ಮನ ಕಟ್ಟಪ್ಪಣೆ.

ಅಪ್ಪ ತಕ್ಷಣ ನಂಬಲಿಲ್ಲ. ನಾನು ಅವರ ಮಂಚದ ಪಕ್ಕ ನೆಲದ ಮೇಲೇ ಚಾಪೆ ಹಾಸಿ ಮಲಗಲು ಶುರು ಮಾಡಿದೆ. ಮೂರನೇ ರಾತ್ರಿ ಇರಬೇಕು, ಕತ್ತಲಲ್ಲಿ "ವಾಸನೆ ಇಲ್ವಾ?" ಅಂತ ಕೇಳಿದರು. ಇಲ್ಲ ಅಂದೆ. ಸ್ವಲ್ಪ ಹೊತ್ತಿನ ಮೇಲೆ ನೀರು ಕೇಳಿದರು. ತಲೆ ಎತ್ತಿ ಹಿಡಿದು ಕುಡಿಸಿದೆ, ಒಂದು ಲೋಟ ಪೂರ್ತಿ. ಆಮೇಲೆ ಒಂದು ವರ್ಷ ಎರಡು ತಿಂಗಳು ಇದ್ದರು. ಸಂಜೆ ಚೊಂಬು ಖಾಲಿಯಾಗಿರುತ್ತಿತ್ತು. ಬಂದವರು ಅವರ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು, ರೇಷ್ಮೆ ಗೂಡಿನ ರೇಟು ಎಷ್ಟಿದೆ ಅಂತ ಹೇಳುತ್ತಿದ್ದರು.

ಈಗ ಆ ಕೋಣೆಯಲ್ಲಿ ಅಮ್ಮ ಮಲಗುತ್ತಾರೆ. ವಿನೆಗರ್ ತಿಂದ ಜಾಗಕ್ಕೆ ಆಗಾಗ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜುತ್ತಾರೆ. ಸ್ವಲ್ಪ ಕೆಂಪು ಬರುತ್ತದೆ, ಮತ್ತೆ ಮಂಕಾಗುತ್ತದೆ.

ಹೋದ ವಾರ ಹಿಂದಿನ ಬೀದಿಯವರೊಬ್ಬರು ಬಂದಿದ್ದರು. ಅವರ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಾರೆ. "ನಿಮ್ಮ ತಂದೆ ಇದ್ದಾಗ ಯಾವ ಫಿನಾಯಿಲ್ ಹಾಕುತ್ತಿದ್ದಿರಿ? ಮನೇಲಿ ಕೂರೋಕಾಗ್ತಿಲ್ಲ" ಅಂದರು. ಟಾರ್ಚ್ ತೆಗೆದುಕೊಂಡು ಅವರ ಜೊತೆಯೇ ಹೋದೆ. ಕಿಟಕಿ ಮುಚ್ಚಿದ ಸಣ್ಣ ಕೋಣೆ. ಅಜ್ಜಿ ಗೋಡೆ ಕಡೆ ತಿರುಗಿ ಮಲಗಿದ್ದರು. ಮಂಚದ ಪಕ್ಕ ಸ್ಟೂಲಿನ ಮೇಲೆ ಸ್ಟೀಲ್ ಚೊಂಬು, ಮೇಲೆ ತಟ್ಟೆ ಮುಚ್ಚಿತ್ತು. ತಟ್ಟೆ ಎತ್ತಿ ನೋಡಿದೆ. ಕಂಠದವರೆಗೂ ನೀರು ಇತ್ತು. ಕಿಟಕಿ ತೆರೆದು, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಲೋಟಕ್ಕೆ ನೀರು ಬಗ್ಗಿಸಿದೆ. ಟಾರ್ಚ್ ಆಮೇಲೆ ತೆಗೆದೆ.